ಮಜ್ಜಿಗೆಯಲ್ಲಿ ಕಾಣಲಿಲ್ಲ

ಬೆಳಗಿನ ಐದೂವರೆ. ಮಂಡ್ಯದ ಗಫಾರ್ ಸಾಬರ ಅಂಗಡಿ ಹಿಂದೆ
ಕುರಿಯ ನಾಲ್ಕನೇ ಹೊಟ್ಟೆಗಾಗಿ ಕಾಯುತ್ತೇನೆ.
ಕೈಯಲ್ಲಿ ಕಾಫಿ ಫ್ಲಾಸ್ಕು, ಒಳಗೆ ಬೆಚ್ಚನೆ ಉಪ್ಪುನೀರು.
"ಎಲ್ಲಾರೂ ಲಿವರ್ ಕೇಳ್ತಾರೆ, ನೀವೊಬ್ರು ಹುಳ ಕೇಳ್ತೀರ"
ಎನ್ನುತ್ತ ಅವರು ಮಡಿಕೆ ಬಿಡಿಸಿದರೆ
ಕೆಂಪು ಬಿಳಿ ನೂಲು ಸೇರಿಸಿ ಹೊಸೆದಂಥವು,
ರವಿಕೆ ಗುಂಡಿಗೆ ಸುತ್ತುವಷ್ಟು ಉದ್ದ,
ಕುಡಿದ ರಕ್ತ ಇನ್ನೂ ಅರಗಿಲ್ಲ.

ಮೈಸೂರಿನ ರೈಲು. ಫ್ಲಾಸ್ಕು ತೊಡೆಯ ಮೇಲೆ.
ಶ್ರೀರಂಗಪಟ್ಟಣದಲ್ಲಿ ಹತ್ತಿದ ಹೆಂಗಸು
"ಆಸ್ಪತ್ರೆಗಾ? ಬಾಣಂತೀನಾ?" ಅಂದಳು.
ಹೂಂ ಅಂದೆ.
ಏನು ಹೆರಿಗೆ ಅಂತ ಕೇಳಲಿಲ್ಲ, ಸದ್ಯ.

ಬೀಜ ಕೊಟ್ಟವರು ಮಳವಳ್ಳಿ ಕಡೆಯ ದೊಡ್ಡಬೋರಯ್ಯ.
ಮುತ್ತುಗದ ಬೀಜ, ಹಳೇ ಎಂಟಾಣೆಯಷ್ಟು ಅಗಲ, ಚಪ್ಪಟೆ.
"ಸಿಪ್ಪೆ ಸುಲ್ದು ಮಜ್ಜಿಗೇಲಿ ಅರ್ದು
ಬರೀ ಹೊಟ್ಟೇಲಿ ಕುಡುಸ್ಬೇಕು ಕಣವ್ವ."
ಬರೆದುಕೊಂಡೆ. ಮಜ್ಜಿಗೆ ಬಿಟ್ಟೆ.
ನೆರಳಲ್ಲಿ ಒಣಗಿಸಿ, ಪುಡಿಮಾಡಿ,
ಗಂಗೋತ್ರಿಯ ಲ್ಯಾಬಿನಲ್ಲಿ ಮೆಥನಾಲಿಗೆ ಹಾಕಿ
ಎಂಟು ತಾಸು ಕುದಿಸಿ ಇಂಗಿಸಿದರೆ
ನಲವತ್ತು ಗ್ರಾಮಿಗೆ ಮೂರೂಕಾಲು:
ಬಟ್ಟಲ ತಳ ಬಿಡದ ಕಂದು ಅಂಟು.

ಬಟ್ಟಲಿಗೆ ಹನ್ನೆರಡು ಹುಳ.
ಒಂದಕ್ಕೆ ಬರೀ ಉಪ್ಪುನೀರು, ಒಂದಕ್ಕೆ ಅಂಗಡಿ ಔಷಧಿ,
ಒಂದರ ಮುಚ್ಚಳದ ಮೇಲೆ ದೊ.ಬೋ.
ಹತ್ತು ನಿಮಿಷಕ್ಕೊಮ್ಮೆ ಸೂಜಿ ತುದಿಯಲ್ಲಿ ಮುಟ್ಟಿ ಕೇಳಬೇಕು:
ಇದ್ದೀಯಾ?
ಮೈ ಹುರಿಗೊಳಿಸಿದರೆ ಒಂದು ಗೀಟು.
ಇಲ್ಲದಿದ್ದರೆ ಬಿಸಿನೀರಲ್ಲಿಟ್ಟು ಇನ್ನೊಮ್ಮೆ ಕೇಳಬೇಕು,
ಸಾವಿಗೂ ಎರಡನೇ ಸಹಿ ಬೇಕು ಇಲ್ಲಿ.

ಮೊದಲ ಸಲ ದೊ.ಬೋ. ಹನ್ನೆರಡಕ್ಕೆ ಹನ್ನೆರಡು.
ಎಷ್ಟು ದುಂಡಗಿನ ಗೆಲುವು!
ಆಮೇಲೆ ಉಪ್ಪುನೀರಿನ ಬಟ್ಟಲು ನೋಡಿದೆ.
ಅಲ್ಲೂ ಒಂದೂ ಅಲುಗದು.
ಮಧ್ಯಾಹ್ನ ಕರೆಂಟು ಹೋದದ್ದು, ಪೆಟ್ಟಿಗೆ ತಣ್ಣಗಾದದ್ದು
ನನಗೊಬ್ಬಳಿಗೇ ಗೊತ್ತು.
ಪುಟಕ್ಕೆ ಅಡ್ಡಗೆರೆ ಎಳೆದು ಬರೆದೆ: ಲೆಕ್ಕಕ್ಕಿಲ್ಲ.
ಎಳೆಯುವ ಮುಂಚೆ ಕ್ಯಾಂಟೀನಿಗೆ ಹೋಗಿ
ಒಂದು ಕಾಫಿ ಕುಡಿದು, ಇನ್ನೊಂದನ್ನೂ ಕುಡಿದು ಬಂದದ್ದು
ಎಲ್ಲೂ ಬರೆದಿಲ್ಲ.

ಮತ್ತೆ ಐದೂವರೆ, ಮತ್ತೆ ಗಫಾರ್ ಸಾಬರು, ಮತ್ತೆ ಬಾಣಂತಿ.
ಈ ಸಲ ಉಪ್ಪುನೀರಿನವು ಸಂಜೆತನಕ ಓಲಾಡಿದವು.
ದೊ.ಬೋ. ಮೂರು ಗಂಟೆಗೆ ಹನ್ನೊಂದು.
ಹನ್ನೆರಡನೆಯದು ಮಾತ್ರ ಪ್ರತಿ ಸಲವೂ
ಇದ್ದೇನೆ, ಇದ್ದೇನೆ, ಏನೀಗ? ಎಂದಿತು.
ಅದಕ್ಕೊಂದು ಹೆಸರಿಡಬೇಕೆನಿಸಿ, ಇಡಲಿಲ್ಲ.

ಮನಸ್ಸು ತಡೆಯದೆ ಒಂದು ದಿನ ಮಜ್ಜಿಗೆಯಲ್ಲೂ ಅರೆದೆ,
ಕ್ಯಾಂಟೀನಿನದೇ, ಕರಿಬೇವು ಸೋಸಿ.
ವಸುಂಧರಾ ಮೇಡಂ ಬಗ್ಗಿ ನೋಡಿ
"ಒಗ್ಗರಣೆ ಹಾಕಿಲ್ವಾ?" ಅಂದರು.
ಬಟ್ಟಲ ತುಂಬ ಬಿಳುಪು.
ಹುಳ ಸತ್ತವೋ ಇದ್ದವೋ ಈಜಿದವೋ
ಸೂಜಿಗೆ ಏನೂ ಸಿಗಲಿಲ್ಲ.

ಹೇಳಿ ಬರಲು ಭಾನುವಾರ ಹೋದೆ.
ಇಷ್ಟು ಮಿಲಿಗ್ರಾಮಿಗೆ ಇಷ್ಟು ಹೊತ್ತು, ಹನ್ನೆರಡರಲ್ಲಿ ಹನ್ನೊಂದು,
ಮಜ್ಜಿಗೆಯಲ್ಲಿ ಮಾತ್ರ ಕಾಣಲಿಲ್ಲ ಅಂದೆ.
"ನಾನೂ ಕಂಡಿಲ್ಲ ಕಣವ್ವ" ಅಂದರು ದೊಡ್ಡಬೋರಯ್ಯ,
"ಹುಳ ಯಾವ್ ನನ್ಮಗ ನೋಡ್ದ? ನಾನು ಕುರಿ ನೋಡ್ತೀನಿ."
ಒಂದು ಬಂಡೂರು ಕುರಿಯನ್ನು ಮೊಣಕಾಲ ನಡುವೆ ಸಿಕ್ಕಿಸಿ
ಹೆಬ್ಬೆರಳಲ್ಲಿ ಕೆಳರೆಪ್ಪೆ ಎಳೆದರು:
ಒಳಗು ತೊಳೆದ ಬಟ್ಟೆಯಂತೆ ಬೆಳ್ಳಗೆ.
"ಇದ್ಕೆ ನಾಳೆ ಕುಡುಸ್ಬೇಕು."
ಇನ್ನೊಂದರ ರೆಪ್ಪೆ: ದಾಳಿಂಬೆ.
"ಇದು ಹೋದ ತಿಂಗ್ಳು ಕುಡುದ್ದು."
ನಾನು ಪುಸ್ತಕ ತೆಗೆದು, ದಾಳಿಂಬೆಗೆ ಎಷ್ಟು ಅಂಕ ಎಂದು
ಪೆನ್ನು ಹಿಡಿದು ಸುಮ್ಮನೆ ಕೂತೆ.

ಅಷ್ಟರಲ್ಲಿ ನಿಂಗಾಜಮ್ಮ ಬಂದು
ಕೇಳದೆ ಹೇಳದೆ ನನ್ನ ಗದ್ದ ಎತ್ತಿ
ರೆಪ್ಪೆ ಎಳೆದು ನೋಡಿ
ಗಂಡನಿಗೆ ಹೇಳಿದಳು:
"ಇವ್ಳ್ಗೂ ಒಸಿ ಕುಡ್ಸು ಅತ್ಲಾಗೆ."